ಕುದಿ ಇಳಿದ ಮೇಲೆ

ಮಗಳಿಗೆ 10 ತಿಂಗಳಾದರೂ ತೂಕ ಏರ್ತಾನೇ ಇರಲಿಲ್ಲ. ಜೋಳದ ಗಂಜಿ ಗಟ್ಟಿಯಾದರೆ ಉಗುಳ್ತಿದ್ದಳು. ನೀರು ಬೆರೆಸಿದರೆ ಕುಡೀತಿದ್ದಳು, ಆದರೆ ಹೊಟ್ಟೆ ತುಂಬ್ತಿದ್ದದ್ದು ನೀರಿನಿಂದ.

ರಾಯಬಾಗದಿಂದ ಅವ್ವ ಬೆಂಗಳೂರಿಗೆ ಒಂದು ಡಬ್ಬಿ ಕಳಿಸಿದಳು. ಮೊಳಕೆ ಬರಿಸಿ, ಹುರಿಯದೆ ಒಣಗಿಸಿ ಬೀಸಿದ ಗೋಧಿ ಹಿಟ್ಟು. "ಒಂದು ಚಮಚ ಹಾಕು, ಗಂಜಿ ತಾನಾ ತೆಳ್ಳಗಾಗ್ತೈತಿ." ಮೂರು ದಿನ ಹಾಕಿದೆ. ಮುದ್ದೆ ಮುದ್ದೆಯಾಗೇ ಉಳೀತು. ಫೋನಲ್ಲಿ ಸಣ್ಣ ಜಗಳವೂ ಆಯ್ತು.

"ಕುದಿಯೋದ್ರಾಗ ಹಾಕೀಯೇನು? ಇಳಿಸಿ ಹಾಕವಾ!"

ಕೇಳಿಸಿಕೊಂಡ ನನ್ನ ಗಂಡ ನಕ್ಕರು. ಅವರಿಗೆ ಮೈಕ್ರೋಬ್ರೂವರಿಗಳ ಹುಚ್ಚು. ಬಿಯರ್‌ಗೂ ಇದೇ ಲೆಕ್ಕವಂತೆ: ಮೊಳಕೆ ಬಂದ ಬಾರ್ಲಿಯನ್ನು 65ರಿಂದ 67 ಡಿಗ್ರಿ ನೀರಲ್ಲಿ ನೆನೆಸಿಡ್ತಾರೆ. ಮೊಳಕೆಯಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತೆ. ಕುದಿಸಿದರೆ ಕಿಣ್ವವೇ ಸಾಯುತ್ತೆ. ನಾನು ಮೂರು ದಿನ ಮಾಡಿದ್ದು ಅದನ್ನೇ. ಹಾಗಂತ ಜೋಳವನ್ನು ಕುದಿಸದೆಯೂ ಆಗಲ್ಲ. ಅದರ ಪಿಷ್ಟ ಬಾರ್ಲಿಯದಕ್ಕಿಂತ ಹಠಮಾರಿ, ಹೆಚ್ಚು ಬಿಸಿ ಬೇಕು.

ಮರುದಿನ ಗಂಜಿ ಗಟ್ಟಿಯಾಗೇ ಕುದಿಸಿ ಇಳಿಸಿದೆ. ಅಡುಗೆ ಥರ್ಮಾಮೀಟರ್ 66 ತೋರಿಸಿದಾಗ ಹಿಟ್ಟು ಕಲಸಿ ಮುಚ್ಚಿಟ್ಟೆ. ಐದೇ ನಿಮಿಷ. ನೆಟ್ಟಗೆ ನಿಂತಿದ್ದ ಚಮಚ ವಾಲಿ ಬಿತ್ತು! ಬೆಲ್ಲ ಹಾಕದೇ ತುಸು ಸಿಹಿ. ಹಸಿ ಹಿಟ್ಟಲ್ವಾ, ಅಂತ ಮತ್ತೊಮ್ಮೆ ಚೆನ್ನಾಗಿ ಕುದಿಸಿ ಆರಿಸಿದೆ. ಬಟ್ಟಲು ಖಾಲಿ.

ಥರ್ಮಾಮೀಟರ್ ಇಲ್ಲದ ಅವ್ವ ಮೇಲೆ ಕೆನೆ ಕಟ್ಟೋತನಕ ಕಾಯ್ತಾಳಂತೆ. ನಾನೂ ಒಮ್ಮೆ ಹಾಗೇ ಕಾದು ಅಳೆದೆ: 68.

ಮುಂದಿನ ತಿಂಗಳು ತಕ್ಕಡಿ ಮುಳ್ಳು ಸರೀತು. ಡಬ್ಬಿ ತಳ ಕಾಣ್ತಿದೆ, ಶನಿವಾರದ ಬಸ್ಸಿಗೆ ಇನ್ನೊಂದು ಬರ್ತಿದೆ.