ಹೆಸರು ಕೆಟ್ಟಿದ್ದು ಯಾರದು?

2015ರಲ್ಲಿ ಮ್ಯಾಗಿಯಲ್ಲಿ ಸೀಸ ಅಂತ ಸುದ್ದಿಯಾದಾಗ ಮಸ್ಕಿ, ಲಿಂಗಸುಗೂರಿನ ಕಿರಾಣಿ ಅಂಗಡಿಯಲ್ಲೂ ಜನ ಬೇರೆ ಪೊಟ್ಟಣ ಕೇಳಬಹುದಿತ್ತು. ಸಲೈನ್ ಬಾಟ್ಲಿ ಯಾವ ಕಂಪನಿಯದು ಅಂತ ಬಾಣಂತಿ ಕೇಳೋಕಾಗುತ್ತಾ?

2024ರ ಅಕ್ಟೋಬರಿನಲ್ಲಿ ನಮ್ಮ ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ನಾಲ್ವರು ಬಾಣಂತಿಯರು ತೀರಿಕೊಂಡರು. ಮುಂದಿನ ತಿಂಗಳು ಬಳ್ಳಾರಿಯಲ್ಲೂ ಹೀಗೇ ಆಯಿತು. ಎರಡೂ ಕಡೆ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಸಲೈನ್ ಮೇಲೆ. ಬಳ್ಳಾರಿಯಲ್ಲಿ ಬಳಸಿದ್ದನ್ನು ತಯಾರಿಸಿದ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ಅನ್ನು ಸರ್ಕಾರ ಕಪ್ಪುಪಟ್ಟಿಗೆ ಸೇರಿಸಿತು.

ಆ ಹೆಸರು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಕೆಟ್ಟಿದ್ದು ಸರ್ಕಾರಿ ದವಾಖಾನೆಯ ಹೆಸರು. ದುಡ್ಡಿದ್ದವರು ಖಾಸಗಿಗೆ ಹೋಗ್ತಾರೆ, ಇಲ್ಲದವರು ಹೆದರಿಕೊಂಡೇ ಅಲ್ಲಿಗೆ ಬರಬೇಕು...

ಸಾಫ್ಟ್‌ವೇರಿನಲ್ಲಿ ಬಗ್ ಸಿಕ್ಕರೆ ಮೊದಲು ಕೇಳೋದು ಯಾವ ವರ್ಷನ್ ಅಂತ. ಸಲೈನಿನ ಕಂಪನಿ, ಬ್ಯಾಚ್ ನಂಬರನ್ನು ಬಾಣಂತಿಯ ಡಿಸ್ಚಾರ್ಜ್ ಚೀಟಿಯಲ್ಲಿ ಯಾಕೆ ಬರೆಯಬಾರದು? ನೀವೇನಂತೀರಿ?