ಭೀಮೆಯ ಗುಂಟ ಒಂದು ಸಂಚಾರ

ಆಳಂದ ಸೀಮೆಯ ನೀರನ್ನು ಹೊತ್ತ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವಳು. ನಾವು ಆಳಂದದಿಂದ ಹೊರಟು, ಸಂಗಮದಲ್ಲಿ ಮಿಂದು, ದತ್ತಾತ್ರೇಯನ ಸನ್ನಿಧಿಯಲ್ಲಿ ಕೈಮುಗಿದು, ಸಾಯಂಕಾಲಕ್ಕೆ ಜೇವರ್ಗಿಯ ಕಡೆಯ ಒಂದು ಹಳ್ಳಿಯನ್ನು ಸೇರಿದೆವು. ಅಲ್ಲಿ ದೊಡ್ಡಾಟದ ಸಡಗರ. ಕಿರೀಟಕ್ಕೆ ಬೇಗಡೆ ಹಚ್ಚುತ್ತಿದ್ದ ತರುಣನೊಬ್ಬನು ನಮ್ಮನ್ನು ಕಂಡು ನಕ್ಕು, “ಸರ್, ನನ್ನ ಚಿತ್ರದ ವಹಿ ಕಸಗೊಂಡಿದ್ರಿ, ನೆನಪದ ಏನ್ರಿ?” ಎಂದನು. ನಮ್ಮ ಹಳೆಯ ಶಿಷ್ಯ!

ನಾವು ತಲೆತಗ್ಗಿಸಿದೆವು. ಭರತಮುನಿಯು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ವೇಷಭೂಷಣಾದಿಗಳನ್ನು ಆಹಾರ್ಯವೆಂದು ಕರೆದಿರುವನು. ನಾಟ್ಯಗೃಹದ ಅಳತೆಗಳನ್ನೂ ಹೇಳಿರುವನು. ಅದನ್ನು ಓದಿದ ನಾವೇ ಬಾಲಕನ ಕೈವಿದ್ಯೆಯನ್ನು ಹುಡುಗಾಟವೆಂದು ಜರೆದಿದ್ದೆವು.

“ಇದನ್ನೇ ಓದತೀನಿ ಅಂತಾನ್ರಿ. ಹೊಟ್ಟಿ ತುಂಬತದೇನ್ರಿ?” ಎಂದು ಅವನ ತಂದೆ ಕೇಳಿದರು. ಹೆಗ್ಗೋಡಿನ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದುದನ್ನೂ, ಅಲ್ಲಿ ಅಭಿನಯದೊಡನೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳೂ ಪಾಠವಾಗಿರುವುದನ್ನೂ ತಿಳಿಸಿದೆವು. ಹೊಟ್ಟೆಯ ಮಾತಿಗೆ ಮಾತ್ರ ಭರವಸೆ ಕೊಡಲಾರದೆ ಹೋದೆವು.

ಆ ರಾತ್ರಿ ದೀಪದ ಬೆಳಕಿಗೆ ಕಿರೀಟವು ಝಗಝಗಿಸಿತು. ತಂದೆಯವರು ಅದರಿಂದ ಕಣ್ಣು ಕೀಳಲಿಲ್ಲ. ಬೆಳಗಾಗುತ್ತಲೇ, “ಅರ್ಜಿ ನೀವೇ ಬರಕೊಡ್ರಿ, ಸರ್” ಎಂದರು. ಕಸಿದುಕೊಂಡ ವಹಿಯ ಋಣವನ್ನು ಅಷ್ಟರಮಟ್ಟಿಗಾದರೂ ತೀರಿಸಿ ಬಂದೆವು.