ಕೊಡುವವನು ನಾನೋ, ಅವನೋ?

ವೇಣೂರು ಪೇಟೆಯಲ್ಲಿ ನನ್ನ ತಂದೆಗೆ ಸಣ್ಣದೊಂದು ಜೀನಸು ಅಂಗಡಿಯಿತ್ತು. ಮನೆಯಲ್ಲಿ ಬ್ಯಾರಿ, ಗಿರಾಕಿಗಳೊಂದಿಗೆ ತುಳು, ಸಾಲದ ಪುಸ್ತಕದಲ್ಲಿ ಕನ್ನಡ. ಸಾಮಾನು ಕಟ್ಟಿಸಿಕೊಂಡವರು ‘ಎಲ್ಲೆ ಕೊರ್ಪೆ’ ಎಂದು ಹೊರಡುತ್ತಿದ್ದರು. ಕೊನೆಯ ‘ಎ’ಯನ್ನು ಬಾಯಿ ಅಗಲಿಸಿ ಹೇಳಿದರೆ ‘ನಾಳೆ ನಾನು ಕೊಡುತ್ತೇನೆ’ ಎಂದರ್ಥ. ಕನ್ನಡದ ‘ಎ’ಯಂತೆ ಹೇಳಿದರೆ ‘ಅವನು ಕೊಡುತ್ತಾನೆ’! ಯಾನ್, ಆಯೆ ಎಂದು ಪ್ರತಿಸಲ ಬಿಡಿಸಿ ಹೇಳುವವರು ಕಡಿಮೆ. ಸಾಲ ಯಾರ ತಲೆಗೆ ಎಂಬುದು ಆ ಒಂದು ಸ್ವರದಿಂದಲೇ ತೀರ್ಮಾನವಾಗಬೇಕು. ಬರೆದರೆ ಮಾತ್ರ ಎರಡೂ ‘ಕೊರ್ಪೆ’ಯೇ.

ವಿದ್ವಾಂಸರಿಗೆ ಇದು ಹೊಸ ಸಂಗತಿಯಲ್ಲ. ಎಸ್.ಯು. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲಿ ಈ ಸ್ವರಕ್ಕೆಂದೇ ಬೇರೆ ಚಿಹ್ನೆ ಬಳಸಿದ್ದರು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ ಹೊರಬಂದ ತುಳು ನಿಘಂಟು ಅದನ್ನು ಉಳಿಸಿಕೊಂಡಿತು. ಆದರೆ ನಮ್ಮ ನಿತ್ಯದ ಬರಹಕ್ಕೆ ಅದು ಇಳಿಯಲೇ ಇಲ್ಲ. ಕೇಳಲು ಕಿವಿಯಿರುವಾಗ ಚಿಹ್ನೆಯ ಹಂಗೇಕೆ ಎಂದು ಸುಮ್ಮನಿದ್ದೆವೇನೋ.

ಈಗ ಕೇಳುವ ಕೆಲಸ ಯಂತ್ರಕ್ಕೂ ಬಂದಿದೆ. ಗಂಟಲಿನಿಂದ ಹೊರಟ ನಾದದಲ್ಲಿ ಕೆಲವು ಕಂಪನಗಳು ಬಾಯಿಯ ಆಕಾರಕ್ಕೆ ತಕ್ಕಂತೆ ಬಲಗೊಳ್ಳುತ್ತವೆ. ಇವೇ ಫಾರ್ಮೆಂಟ್‌ಗಳು. ದವಡೆ ಕೆಳಗಿಳಿದಷ್ಟೂ ಮೊದಲನೆಯದು ಏರುತ್ತದೆ. ನಾಲಗೆ ಮುಂದೆ ಬಂದರೆ ಎರಡನೆಯದು ಏರುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ವಿದ್ವಾಂಸರು ರೂಪಿಸಿದ ‘ಪ್ರಾಟ್’ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಇವನ್ನು ಅಳೆದು ನೋಡಬಹುದು. ‘ನಾನು’ವಿನ ಕೊರ್ಪೆಯಲ್ಲಿ ಮೊದಲನೆಯದು ಮೇಲಿರಬೇಕು, ‘ಅವನ’ದರಲ್ಲಿ ಕೆಳಗೆ.

ಆದರೆ ಬಾಯಿಯಿಂದ ಬಾಯಿಗೆ ಅಳತೆ ಬೇರೆ. ಅಮೆರಿಕದಲ್ಲಿ 1952ರಲ್ಲಿ ಪೀಟರ್‌ಸನ್ ಮತ್ತು ಬಾರ್ನಿ 76 ಮಂದಿಯ ಇಂಗ್ಲಿಷ್ ಸ್ವರಗಳನ್ನು ಅಳೆದಾಗ ಒಬ್ಬರ ಒಂದು ಸ್ವರ ಇನ್ನೊಬ್ಬರ ಬೇರೊಂದು ಸ್ವರದ ಜಾಗದಲ್ಲಿ ಬಿದ್ದಿತ್ತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ದನಿಯೂ ಬೇಕು. ಪಟ್ಟಣದ ನಾಲ್ಕು ವಿದ್ಯಾರ್ಥಿಗಳ ದನಿ ಸಾಲದು. ಬೀಡಿ ಕಟ್ಟುವ ಅಜ್ಜಿಯ ದನಿಯೂ ಬೇಕು.

ನನ್ನ ಆತಂಕ ಇನ್ನೊಂದು. ಯಂತ್ರ ಕಲಿಯುವುದು ನಾವು ಅಂಟಿಸಿಕೊಟ್ಟ ಹೆಸರುಚೀಟಿಯಿಂದ. ಎರಡೂ ದನಿಗಳಿಗೆ ‘ಎ’ ಎಂದೇ ಬರೆದುಕೊಟ್ಟರೆ ಅದು ಎರಡನ್ನೂ ಒಂದೇ ಎಂದು ಕಲಿಯುತ್ತದೆ. ನಾನು ಮತ್ತು ಅವನು ಒಬ್ಬನೇ ಆಗಿಬಿಡುತ್ತಾರೆ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರಲ್ಲಿ. ಅಲ್ಲಿ ಬರೀ ‘ಕೊರ್ಪೆ’ ಎಂದು ಟೈಪಿಸಿದರೆ ಯಂತ್ರಕ್ಕಾದರೂ ಹೇಗೆ ತಿಳಿಯಬೇಕು, ಪಾಪ!

ದನಿ ಸಂಗ್ರಹಿಸುವವರು ಕನ್ನಡ ಲಿಪಿಯ ವಾಕ್ಯಗಳನ್ನು ಓದಿಸಬಾರದು. ಅಕ್ಷರ ಕಂಡೊಡನೆ ನಾಲಗೆ ಕನ್ನಡದ ‘ಎ’ಗೆ ಜಾರಬಹುದು. ಮಾತನಾಡಿಸಿ, ಕೊಡುವವರು ಯಾರೆಂದು ಕೇಳಿ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.